ಪೆಡಲ್ ಪವರ್ ಮೀಟರ್: ವಾಟ್ ನಂಬಿ, ಶೇಕಡಾ ಲೆಕ್ಕಗಳ ಬೆನ್ನು ಹತ್ತಬೇಡಿ

ಪೆಡಲ್ ಪವರ್ ಮೀಟರ್, ಅಂದರೆ ತುಳಿಯುವ ಶಕ್ತಿಯನ್ನು ವಾಟ್‌ನಲ್ಲಿ ಅಳೆಯುವ ಸೈಕಲ್ ಪೆಡಲ್, ಕೂರಿಸಿದ ಮೊದಲ ವಾರದಲ್ಲಿ ಬರುವ ಪ್ರಶ್ನೆಗಳು ಹೆಚ್ಚುಕಮ್ಮಿ ಒಂದೇ ಥರ. 'ಪೆಡಲ್ ಸ್ಮೂತ್‌ನೆಸ್ 21 ಬರ್ತಿದೆ, ಕಮ್ಮಿ ಆಯ್ತಲ್ವಾ?' (ತುಳಿತ ಎಷ್ಟು ಸಮ ಅನ್ನುವ ಶೇಕಡಾ ಅಂಕಿ ಅದು), 'ಎಡ 47, ಬಲ 53 ತೋರಿಸ್ತಿದೆ, ಎಡಗಾಲು ವೀಕಾ?' ಕ್ರ್ಯಾಂಕ್ (ಪೆಡಲ್ ಕೂರುವ ತೋಳು) ಉದ್ದ ಎಷ್ಟು ಅಂತ ಆ್ಯಪ್‌ನಲ್ಲಿ ಹಾಕಿದ್ದೀರಿ ಎಂದು ತಿರುಗಿ ಕೇಳಿದರೆ, 'ಅದನ್ನೂ ಹಾಕಬೇಕಿತ್ತಾ?' ಅನ್ನುತ್ತಾರೆ. ಬುಡ ಭದ್ರವಿಲ್ಲದೆ ತುದಿಯ ಚಿಂತೆ. ಈ ಪೆಡಲ್‌ಗಳು ಚೆನ್ನಾಗಿ ಅಳೆಯುವುದು ವಾಟ್, ಅದೂ ಸರಿಯಾಗಿ ಕೂರಿಸಿ, ಝೀರೋ ಮಾಡಿ (ಭಾರವಿಲ್ಲದಾಗ ಸೊನ್ನೆಗೆ ತಂದು), ಕ್ರ್ಯಾಂಕ್ ಉದ್ದ ತುಂಬಿದ್ದರೆ ಮಾತ್ರ. ಉಳಿದ ಬಣ್ಣಬಣ್ಣದ ಗ್ರಾಫ್‌ಗಳನ್ನು ಗುರಿ ಅಂದುಕೊಂಡರೆ ಕೆಡುವುದೇ ಹೆಚ್ಚು. ಜ್ವರದ ಉಷ್ಣಾಂಶ ನೋಡಿದ ಹಾಗೆ, ಲಕ್ಷಣ ಅಂತ ನೋಡಬೇಕು.

ಪೆಡಲ್ ಒಳಗೆ ಏನಾಗುತ್ತದೆ

ತುಳಿದಾಗ ಪೆಡಲ್‌ನ ಸ್ಪಿಂಡಲ್ (ಪೆಡಲ್ ತಿರುಗುವ ಅಚ್ಚು) ಕಣ್ಣಿಗೆ ಕಾಣದಷ್ಟು ಬಾಗುತ್ತದೆ. ಅದರ ಮೇಲೆ ಅಂಟಿಸಿರುವ ಸ್ಟ್ರೇನ್ ಗೇಜ್‌ಗಳು ಆ ಬಾಗುವಿಕೆಗೆ ತಕ್ಕಂತೆ ತಮ್ಮ ವಿದ್ಯುತ್ ರೋಧವನ್ನು ಬದಲಿಸುತ್ತವೆ. ಅದರಿಂದ ಬಲ ಎಷ್ಟು ಅಂತ ಗೊತ್ತಾಗುತ್ತದೆ. ಈ ಬಲ ಪೂರ್ತಿ ಲೆಕ್ಕಕ್ಕೆ ಬರುವುದಿಲ್ಲ. ಕ್ರ್ಯಾಂಕನ್ನು ತಿರುಗಿಸುವ ದಿಕ್ಕಿನಲ್ಲಿ ಬಿದ್ದ ಪಾಲು ಮಾತ್ರ ಕೆಲಸದ್ದು. ಕ್ರ್ಯಾಂಕ್ ಉದ್ದಕ್ಕೂ ಒತ್ತಿದ್ದು, ಅಂದರೆ ಪೆಡಲ್ ಕೆಳಗಿನ ತುದಿಗೆ ಬಂದ ಮೇಲೂ ನೆಲದ ಕಡೆಗೆ ತುಳಿಯುತ್ತಿದ್ದರೆ ಅದು, ಬರೀ ಲೋಹವನ್ನು ಎಳೆದಂತೆ. ಸೈಕಲ್ ಮುಂದೆ ಹೋಗುವುದಿಲ್ಲ.

ಲೆಕ್ಕ ಸರಳ: ತಿರುಗಿಸುವ ಬಲ × ಕ್ರ್ಯಾಂಕ್ ಉದ್ದ = ಟಾರ್ಕ್; ಟಾರ್ಕ್ × ತಿರುಗುವ ವೇಗ = ವಾಟ್. ನಿಮಿಷಕ್ಕೆ 90 ಸುತ್ತು ತುಳಿಯುತ್ತಾ 200 ವಾಟ್ ಬರಬೇಕಾದರೆ ಎರಡೂ ಕಾಲು ಸೇರಿ ಸರಾಸರಿ 21.2 ನ್ಯೂಟನ್ ಮೀಟರ್ ಟಾರ್ಕ್ ಸಾಕು. 170 ಮಿ.ಮೀ. ಕ್ರ್ಯಾಂಕ್‌ನಲ್ಲಿ ಅದು ಸುಮಾರು 12.7 ಕೆ.ಜಿ. ಭಾರದಷ್ಟು ಬಲ. ಅಷ್ಟೇನಾ ಅನ್ನಿಸಬಹುದು. ಅದು ಇಡೀ ಸುತ್ತಿನ ಸರಾಸರಿ. ಪೆಡಲ್ ಗಡಿಯಾರದ 3 ಗಂಟೆಯ ಜಾಗಕ್ಕೆ ಬಂದಾಗ ಅದರ ಎರಡರಷ್ಟು ಬೀಳಬಹುದು, 12ರಲ್ಲೂ 6ರಲ್ಲೂ ಹತ್ತಿರ ಹತ್ತಿರ ಸೊನ್ನೆ.

ಈ ಸೂತ್ರದಲ್ಲಿ ಪೆಡಲ್ ತಾನಾಗಿ ಅಳೆಯಲು ಸಾಧ್ಯವೇ ಇಲ್ಲದ ಒಂದು ಅಂಕಿ ಇದೆ: ಕ್ರ್ಯಾಂಕ್ ಉದ್ದ. ಅದನ್ನು ನೀವೇ ಹೇಳಬೇಕು, ಸುಳ್ಳು ಹೇಳಿದರೆ ಅದೇ ಪ್ರಮಾಣದಲ್ಲಿ ವಾಟ್ ಕೂಡ ಸುಳ್ಳು. ಆ್ಯಪ್‌ನಲ್ಲಿ 172.5 ಅಂತ ಇದ್ದು ಸೈಕಲ್‌ನಲ್ಲಿ 170 ಇದ್ದರೆ ಶೇ. 1.5ರಷ್ಟು ಹೆಚ್ಚು ತೋರಿಸುತ್ತದೆ. ಚಿಕ್ಕ ಫ್ರೇಮ್‌ಗಳಲ್ಲಿ 165 ಬರುತ್ತದೆ, ಅಲ್ಲಿ ಶೇ. 4.5 ಹೆಚ್ಚು. 250 ವಾಟ್‌ಗೆ 11 ವಾಟ್. ಆರು ತಿಂಗಳ ತರಬೇತಿಯಲ್ಲಿ ಇಷ್ಟು ಏರಿಸಿಕೊಂಡವರು ಹೆಮ್ಮೆಪಡುತ್ತಾರೆ, ಇಲ್ಲಿ ಒಂದು ತಪ್ಪು ಅಂಕಿಯಿಂದ ಪುಕ್ಕಟೆ ಸಿಗುತ್ತದೆ. ಉದ್ದವನ್ನು ಟೇಪ್ ಹಿಡಿದು ಅಳೆಯುವುದು ಬೇಡ. ಕ್ರ್ಯಾಂಕ್ ತೋಳಿನ ಒಳಮೈಯಲ್ಲಿ, ಪೆಡಲ್ ತೂತಿನ ಹತ್ತಿರ ಕೊರೆದಿರುತ್ತದೆ. ಚೈನಿನ ಎಣ್ಣೆ, ಕಪ್ಪು ಜಿಡ್ಡು ಮೆತ್ತಿಕೊಂಡಿರುವುದರಿಂದ ಬಟ್ಟೆಯಲ್ಲಿ ಒರೆಸಿ ಟಾರ್ಚ್ ಬಿಟ್ಟು ನೋಡಬೇಕು.

ಒಂದು ಬದಿಯೋ ಎರಡು ಬದಿಯೋ

ಪವರ್ ಮೀಟರ್ ಅನ್ನುವುದು 1986ರಿಂದ ಇದೆ. ಜರ್ಮನಿಯ ಉಲ್ರಿಚ್ ಶೋಬೆರರ್ ಕ್ರ್ಯಾಂಕ್‌ನಲ್ಲಿ ಅಳೆಯುವ ಎಸ್‌ಆರ್‌ಎಂ ಶುರುಮಾಡಿದ ವರ್ಷ ಅದು. ಪೆಡಲ್‌ಗೆ ಇಳಿಯಲು ಬಹಳ ಕಾಲ ಹಿಡಿಯಿತು: 2013ರಲ್ಲಿ ಗಾರ್ಮಿನ್ ವೆಕ್ಟರ್, 2015ರಲ್ಲಿ ಪವರ್‌ಟ್ಯಾಪ್ ಪಿ1, 2017ರಲ್ಲಿ ಫವೆರೋ ಅಸ್ಸಿಯೋಮಾ, 2021ರಲ್ಲಿ ಗಾರ್ಮಿನ್ ರ್‍ಯಾಲಿ. ಅಸ್ಸಿಯೋಮಾ, ರ್‍ಯಾಲಿ ಎರಡರ ತಯಾರಕರೂ ಹೇಳಿಕೊಳ್ಳುವ ನಿಖರತೆ ಶೇ. ±1.

ಒಂದೇ ಬದಿಯ ಪೆಡಲ್ ಎಡಗಾಲನ್ನು ಅಳೆದು ಎರಡರಿಂದ ಗುಣಿಸುತ್ತದೆ, ಅಷ್ಟೆ. ನಿಜವಾಗಿ 200 ವಾಟ್ ಹೋಗುತ್ತಿದ್ದು ಅದರಲ್ಲಿ ಎಡಗಾಲಿನ ಪಾಲು ಶೇ. 48 ಇದ್ದರೆ ತೆರೆಯ ಮೇಲೆ 192. ಈ ವ್ಯತ್ಯಾಸ ಯಾವಾಗಲೂ ಒಂದೇ ಇದ್ದರೆ ತಲೆ ಕೆಡಿಸಿಕೊಳ್ಳುವ ಅಗತ್ಯವಿರಲಿಲ್ಲ, ಆದರೆ ಹಾಗಿರುವುದಿಲ್ಲ. ಆರಾಮಾಗಿ ಹೋಗುವಾಗ 47–53 ಇದ್ದವರು ಜೋರು ಹಾಕಿದಾಗ 50–50 ಆಗುತ್ತಾರೆ, ಮೂರನೇ ಗಂಟೆಯಲ್ಲಿ ಸುಸ್ತಾದಾಗ ಇನ್ನೆಲ್ಲೋ. ಆಗ ವಾಟ್ ಏರಿದ್ದು ಕಾಲಿನಿಂದಲೋ ಗುಣಾಕಾರದಿಂದಲೋ ತಿಳಿಯುವುದಿಲ್ಲ. ಆದರೂ ದುಡ್ಡು ಅಷ್ಟೇ ಇದ್ದರೆ ಒಂದು ಬದಿಯದು ತಗೊಳ್ಳಿ, ತಪ್ಪಿಲ್ಲ. ಆ ಅಂಕಿಯನ್ನು ಪಕ್ಕದವರ ಅಂಕಿಯ ಜೊತೆ ತೂಗದಿದ್ದರೆ ಸಾಕು.

ಕ್ಲೀಟ್ (ಶೂ ಅಡಿಯಲ್ಲಿದ್ದು ಪೆಡಲ್‌ಗೆ ಕಚ್ಚಿಕೊಳ್ಳುವ ತುಣುಕು) ನೋಡದೆ ಪೆಡಲ್ ಕೊಳ್ಳಬೇಡಿ. ನಮ್ಮಲ್ಲಿ ರೋಡ್ ಸೈಕಲ್‌ಗೆ ಹೆಚ್ಚಿನವರು ಹಾಕಿರುವುದು ಶಿಮಾನೋದ ಹಳದಿ ಎಸ್‌ಪಿಡಿ-ಎಸ್‌ಎಲ್ ಕ್ಲೀಟ್. ಅಸ್ಸಿಯೋಮಾ ಡುಯೋದ ಮೈ ಲುಕ್ ಕಿಯೋ ಮಾದರಿಯದು. ಅದಕ್ಕೆ ಹಳದಿ ಕ್ಲೀಟ್ ಕೂರುವುದಿಲ್ಲ, ಹೊಸ ಕ್ಲೀಟ್ ಹಾಕಿ ಜಾಗ ಮತ್ತೆ ಹೊಂದಿಸಬೇಕು. ಬಣ್ಣಗಳ ಅರ್ಥವೂ ಬೇರೆ. ಶಿಮಾನೋದಲ್ಲಿ ಕೆಂಪು ಅಂದರೆ ಕಾಲು ಅಲುಗಾಡಲು ಜಾಗವೇ ಇಲ್ಲ, 0 ಡಿಗ್ರಿ. ನೀಲಿ 2, ಹಳದಿ 6. ಲುಕ್‌ನಲ್ಲಿ ಕಪ್ಪು 0, ಬೂದು 4.5, ಕೆಂಪು 9. 'ಕೆಂಪು ಕ್ಲೀಟ್ ಕೊಡಿ' ಅಂತ ಅಂಗಡಿಯಲ್ಲಿ ಕೇಳಿದರೆ ಎರಡು ತದ್ವಿರುದ್ಧ ವಸ್ತು ಕೈಗೆ ಬರಬಹುದು. ಶಿಮಾನೋ ಪೆಡಲ್ ಮೈಯನ್ನೇ ಹಾಕಿಕೊಳ್ಳುವ ಅಸ್ಸಿಯೋಮಾ ಡುಯೋ-ಶಿ ಅನ್ನುವುದೂ ಇದೆ. ಅದರಲ್ಲಿ ಪಾದ ಪ್ರತಿ ಬದಿಗೆ ಸುಮಾರು 10 ಮಿ.ಮೀ. ಹೊರಕ್ಕೆ ಹೋಗುತ್ತದೆ. ಸೊಂಟ ಅಗಲ ಇರುವವರಿಗೆ ಅದೇ ಹಿತ, ಇಕ್ಕಟ್ಟಾಗಿ ತುಳಿದು ರೂಢಿಯಾದವರಿಗೆ ಮಂಡಿಯ ಹೊರಬದಿ ತಕರಾರು ಮಾಡಬಹುದು.

ಕೂರಿಸುವುದು

ಬಿಚ್ಚುವ ಮುಂಚೆ ಒಂದು ಮಾತು. ಎಡ ಪೆಡಲ್ ಮರೆ (ಸ್ಕ್ರೂನ ತಿರುಪು) ಉಲ್ಟಾ. ಯಾವ ಬದಿ ಯಾವ ಕಡೆ ತಿರುಗಿಸಬೇಕು ಅನ್ನುವ ಗೊಂದಲಕ್ಕೆ ಸುಲಭ ಗುರುತು: ಸ್ಪಿಂಡಲ್‌ನ ಮೇಲ್ಭಾಗ ಮುಂದಿನ ಚಕ್ರದ ಕಡೆಗೆ ತಿರುಗಿದರೆ ಬಿಗಿ, ಹಿಂದಿನ ಚಕ್ರದ ಕಡೆಗೆ ತಿರುಗಿದರೆ ಸಡಿಲ. ಎರಡೂ ಬದಿಗೂ ಇದೇ, ಹೊರಗಿನಿಂದ 15 ಮಿ.ಮೀ. ಪಾನಾ ಹಾಕಿದರೂ ಒಳಗಿನಿಂದ 8 ಮಿ.ಮೀ. ಅಲೆನ್ ಕೀ ಹಾಕಿದರೂ ಇದೇ.

ಕ್ರ್ಯಾಂಕ್‌ನ ಮರೆಯಲ್ಲಿ ಹಳೇ ಗ್ರೀಸು, ಮಣ್ಣು ಇದ್ದರೆ ಹಳೇ ಹಲ್ಲುಜ್ಜುವ ಬ್ರಷ್‌ನಿಂದ ತೆಗೆದು ಒಣಬಟ್ಟೆಯಲ್ಲಿ ಒರೆಸಿ. ಸ್ಪಿಂಡಲ್ ಮರೆಗೆ ತೆಳ್ಳಗೆ ಗ್ರೀಸ್ ಸವರಿ. ಮೊದಲ ಮೂರ್ನಾಲ್ಕು ಸುತ್ತು ಬೆರಳಿನಿಂದಲೇ ಹೋಗಬೇಕು. ಹೋಗುತ್ತಿಲ್ಲ ಅಂದರೆ ಮರೆ ಅಡ್ಡ ಹತ್ತಿದೆ, ಪಾನಾ ಮುಟ್ಟಬೇಡಿ, ಬಿಚ್ಚಿ ಮತ್ತೆ ಶುರುಮಾಡಿ. ಅಲ್ಯೂಮಿನಿಯಂ ಕ್ರ್ಯಾಂಕ್‌ನಲ್ಲಿ ಸ್ಟೀಲ್ ಸ್ಪಿಂಡಲನ್ನು ಒತ್ತಾಯಕ್ಕೆ ತಿರುಗಿಸಿದರೆ ಮರೆ ಹರಿಯುವುದು ಕ್ರ್ಯಾಂಕ್‌ನದೇ.

ಬಿಗಿ ಎಷ್ಟು ಅನ್ನುವುದು ಪೆಡಲ್ ಜೊತೆ ಬಂದ ಹಾಳೆಯಲ್ಲಿರುತ್ತದೆ, ಸಾಮಾನ್ಯವಾಗಿ 34ರಿಂದ 40 ನ್ಯೂಟನ್ ಮೀಟರ್. ಟಾರ್ಕ್ ರೆಂಚ್ ಇಲ್ಲದವರಿಗೆ ಅಂದಾಜು: 20 ಸೆಂ.ಮೀ. ಉದ್ದದ ಹಿಡಿಯ ತುದಿಗೆ 18 ಕೆ.ಜಿ.ಯಷ್ಟು ಭಾರ ಹಾಕಿದರೆ 35 ಆಗುತ್ತದೆ. ಮಾಮೂಲಿ ಪೆಡಲ್‌ಗೆ 'ಕೈಲಾದಷ್ಟು' ಬಿಗಿಮಾಡಿದರೆ ನಡೆಯುತ್ತದೆ. ಇದಕ್ಕೆ ನಡೆಯುವುದಿಲ್ಲ. ಸ್ಪಿಂಡಲ್ ಕ್ರ್ಯಾಂಕ್‌ಗೆ ಹೇಗೆ ಕಚ್ಚಿಕೊಂಡಿದೆ ಅನ್ನುವುದರ ಮೇಲೆ ಅದು ಬಾಗುವ ರೀತಿ ನಿಂತಿದೆ. ಸಡಿಲ ಇದ್ದರೆ ಅಂಕಿ ದಿನದಿಂದ ದಿನಕ್ಕೆ ಅಲೆದಾಡುತ್ತದೆ. ಎರಡು ಬದಿಗೆ ಬೇರೆ ಬೇರೆ ಬಿಗಿ ಹಾಕಿದರೆ ಎಡ-ಬಲ ಲೆಕ್ಕವೇ ಓರೆಯಾಗಬಹುದು.

ಪೆಡಲ್ ಮತ್ತು ಕ್ರ್ಯಾಂಕ್ ನಡುವೆ ಬ್ಯಾಟರಿಯ ಉಬ್ಬು ಇರುವ ಮಾದರಿಗಳಲ್ಲಿ ಆ ಉಬ್ಬು ಕ್ರ್ಯಾಂಕ್ ತೋಳಿಗೆ ತಾಗಬಾರದು. ತಾಗಿದರೆ ಬಲದ ಒಂದು ಪಾಲು ಆ ದಾರಿಯಲ್ಲಿ ಸೋರಿಹೋಗಿ ವಾಟ್ ಕಮ್ಮಿ ತೋರಿಸುತ್ತದೆ, ಪ್ಲಾಸ್ಟಿಕ್ಕೂ ಒಡೆಯುತ್ತದೆ. ಒಂದು ಹಾಳೆ ತೂರಿಸಿ ಸುತ್ತಲೂ ಎಳೆದು ನೋಡಿ. ಎಲ್ಲಾದರೂ ಸಿಕ್ಕಿಕೊಂಡರೆ ಜೊತೆಗೆ ಕೊಟ್ಟಿರುವ ವಾಷರ್ ಹಾಕಿ. ಹಾಕಿದರೆ ಎರಡೂ ಬದಿಗೆ ಹಾಕಿ, ಇಲ್ಲದಿದ್ದರೆ ಪಾದಗಳ ಅಗಲ ಏರುಪೇರು. ಆಮೇಲೆ ಮುಂದೆ ದೊಡ್ಡ ಚಕ್ರ, ಹಿಂದೆ ಚಿಕ್ಕ ಹಲ್ಲಿಗೆ ಚೈನ್ ಹಾಕಿ ಹಿಂದಕ್ಕೆ ತುಳಿದು ನೋಡಿ. ಬಲಬದಿಯಲ್ಲಿ ಉಬ್ಬಿಗೆ ಚೈನ್ ಸವರುವುದಿದ್ದರೆ ಆ ಗೇರಿನಲ್ಲೇ ಗೊತ್ತಾಗುತ್ತದೆ.

ಕೂರಿಸಿ, ಹೆಡ್ ಯೂನಿಟ್‌ಗೆ (ಹ್ಯಾಂಡಲ್ ಮೇಲಿನ ಪುಟ್ಟ ಕಂಪ್ಯೂಟರ್) ಜೋಡಿಸಿ, ಕ್ರ್ಯಾಂಕ್ ಉದ್ದ ತುಂಬಿ, ಝೀರೋ ಮಾಡಿದ ಮೇಲೆ ಮುಗಿಯಿತು ಅಂದುಕೊಳ್ಳಬೇಡಿ. ಐದಾರು ಸಲ ಎದ್ದು ನಿಂತು 10 ಸೆಕೆಂಡಿನ ಸ್ಪ್ರಿಂಟ್ ಹೊಡೆಯಿರಿ. ಮರೆ ಆಗಲೇ ಸರಿಯಾಗಿ ಕೂರುವುದು. ವಾಪಸ್ ಬಂದು ಬಿಗಿ ಒಮ್ಮೆ ನೋಡಿ, ಮತ್ತೆ ಝೀರೋ ಮಾಡಿ. ಹೊಸ ಪೆಡಲ್ ಮೊದಲ ದಿನ ಹುಚ್ಚುಹುಚ್ಚಾಗಿ ತೋರಿಸಿತು ಅನ್ನುವ ದೂರುಗಳಲ್ಲಿ ಬಹುಪಾಲು ಈ ಹತ್ತು ನಿಮಿಷದ ಕೆಲಸ ಬಿಟ್ಟವರದು.

ಝೀರೋ ಮತ್ತು ನೀರಿನ ಕ್ಯಾನು

ಝೀರೋ ಮಾಡುವುದು ಅಂದರೆ ಕಿರಾಣಿ ಅಂಗಡಿಯವನು ತಕ್ಕಡಿಯಲ್ಲಿ ಬರೀ ತಟ್ಟೆ ಇಟ್ಟು ಸೊನ್ನೆಗೆ ತರುವ ಕೆಲಸ. ಪೆಡಲ್ ಮೇಲೆ ಕಾಲಿರಬಾರದು, ಸೈಕಲ್ ನೆಟ್ಟಗೆ, ಅಲುಗದೆ ನಿಂತಿರಬೇಕು. ಕ್ರ್ಯಾಂಕ್ ಯಾವ ಭಂಗಿಯಲ್ಲಿರಬೇಕು ಅನ್ನುವುದು ಮಾದರಿಗೆ ತಕ್ಕಂತೆ ಬದಲಾಗುತ್ತದೆ, ಹಾಳೆ ನೋಡಿ.

ಯಾವಾಗ ಮಾಡುತ್ತೀರಿ ಅನ್ನುವುದು ಹೇಗೆ ಅನ್ನುವುದಕ್ಕಿಂತ ದೊಡ್ಡದು. ಲೋಹ ಬಿಸಿಯಾದರೆ ಹಿಗ್ಗುತ್ತದೆ, ಸ್ಟ್ರೇನ್ ಗೇಜ್‌ಗೆ ಹಿಗ್ಗುವುದೂ ಬಾಗುವುದೂ ಒಂದೇ ಥರ ಕಾಣಬಹುದು. ಇವತ್ತಿನ ಪೆಡಲ್‌ಗಳು ತಾವೇ ಉಷ್ಣಾಂಶ ನೋಡಿ ಸರಿಪಡಿಸಿಕೊಳ್ಳುತ್ತವೆ, ಆದರೂ ಶುರುವಿನ ಸೊನ್ನೆ ತಪ್ಪಿದ್ದರೆ ಅವೇನು ಮಾಡಿಯಾವು. ಮನೆಯೊಳಗೆ ಬೆಚ್ಚಗಿದ್ದ ಸೈಕಲನ್ನು ಡಿಸೆಂಬರ್‌ನ ನಸುಕಿನಲ್ಲಿ ಹೊರಗೆ ತಂದ ತಕ್ಷಣ, ಅಥವಾ ಬಿಸಿಲಲ್ಲಿ ನಿಂತ ಕಾರಿನ ಡಿಕ್ಕಿಯಿಂದ ಇಳಿಸಿದ ಕೂಡಲೇ ಝೀರೋ ಮಾಡಿದರೆ ಅರ್ಧ ಗಂಟೆಯಲ್ಲಿ ಅದು ಹಳಸುತ್ತದೆ. ಹೊರಗೆ ನಿಲ್ಲಿಸಿ 10–15 ನಿಮಿಷ ಬಿಡಿ. ಇಲ್ಲವೇ ವಾರ್ಮಪ್ ಮುಗಿಸಿ, ಇಳಿದು, ಆಮೇಲೆ ಮಾಡಿ. ಪ್ರತಿ ಸವಾರಿಗೂ ಬೇಕಾ ಅಂದರೆ ಬೇಕು. ಇಪ್ಪತ್ತು ಸೆಕೆಂಡಿನ ಕೆಲಸ.

ಮೀಟರ್ ನಿಜ ಹೇಳುತ್ತಿದೆಯಾ ಅನ್ನುವ ಅನುಮಾನ ಇದ್ದರೆ ಮನೆಯಲ್ಲೇ ಪರೀಕ್ಷಿಸಬಹುದು. ತಯಾರಕರ ಆ್ಯಪ್ ಅಥವಾ ಹೆಡ್ ಯೂನಿಟ್ ನಿಂತಲ್ಲೇ ಟಾರ್ಕ್ ತೋರಿಸುವ ಹಾಗಿರಬೇಕು. 20 ಲೀಟರಿನ ತುಂಬಿದ ನೀರಿನ ಕ್ಯಾನನ್ನು ನಂಬಿಕೆಯ ತಕ್ಕಡಿಯಲ್ಲಿ ತೂಗಿ. ಕ್ಯಾನು, ಹಗ್ಗ ಎಲ್ಲ ಸೇರಿ 20.7 ಕೆ.ಜಿ. ಬಂತು ಅಂದುಕೊಳ್ಳೋಣ. ಸೈಕಲನ್ನು ಟ್ರೈನರ್‌ಗೆ (ನಿಂತಲ್ಲೇ ತುಳಿಯಲು ಸೈಕಲ್ ಹಿಡಿದಿಡುವ ಸ್ಟ್ಯಾಂಡ್) ಕಟ್ಟಿ, ಹಿಂದಿನ ಬ್ರೇಕ್ ಹಿಡಿದು ರಬ್ಬರ್ ಬ್ಯಾಂಡ್ ಬಿಗಿದು, ಕ್ರ್ಯಾಂಕನ್ನು ನೆಲಕ್ಕೆ ಸಮಾನಾಂತರವಾಗಿ ಮುಂದಕ್ಕೆ ನಿಲ್ಲಿಸಿ ಝೀರೋ ಮಾಡಿ. ಆಮೇಲೆ ಕ್ಯಾನನ್ನು ಪೆಡಲ್‌ನ ನಡುಮಧ್ಯಕ್ಕೆ, ಕ್ಲೀಟ್ ಕೂರುವ ಜಾಗದಲ್ಲಿ, ನೇತುಹಾಕಿ. ಬರಬೇಕಾದ ಟಾರ್ಕ್ 20.7 × 9.81 × 0.170, ಅಂದರೆ 34.5 ನ್ಯೂಟನ್ ಮೀಟರ್. 34.2ರಿಂದ 34.9ರೊಳಗೆ ಬಂದರೆ ಶೇ. 1ರ ಮಾತನ್ನು ಪೆಡಲ್ ಉಳಿಸಿಕೊಂಡಿದೆ. ಕ್ಯಾನು ಹೊಯ್ದಾಡುವುದು ನಿಲ್ಲುವ ತನಕ ಕಾಯಿರಿ. ಕ್ರ್ಯಾಂಕ್ 5 ಡಿಗ್ರಿ ವಾಲಿದ್ದರೆ ತಪ್ಪು ಬರೀ ಶೇ. 0.4, ಆದರೆ 10 ಡಿಗ್ರಿ ವಾಲಿದ್ದರೆ ಶೇ. 1.5. ಅದಕ್ಕೇ ಕಣ್ಣಂದಾಜು ಬೇಡ, ಫೋನಿನ ಲೆವೆಲ್ ಆ್ಯಪನ್ನು ತೋಳಿನ ಮೇಲಿಟ್ಟು ನೋಡಿ. ಮೂರು ಸಲ ಮಾಡಿ, ಎರಡೂ ಬದಿ ಮಾಡಿ. ಬಲ ಸರಿ ಬಂದು ಎಡ ಮಾತ್ರ ಶೇ. 11ರಷ್ಟು ಕಮ್ಮಿ ಅಂದರೆ ನಿಮ್ಮ '47–53' ಕಾಲಿನದ್ದಲ್ಲ, ಪೆಡಲ್‌ನದು.

ಟ್ರೈನರ್ ಜೊತೆ ಹೋಲಿಸುವವರಿಗೆ: ಪೆಡಲ್ ಅಳೆಯುವುದು ಕಾಲು ಕೊಟ್ಟಿದ್ದನ್ನು, ಟ್ರೈನರ್ ಅಳೆಯುವುದು ಚೈನ್ ದಾಟಿ ಬಂದಿದ್ದನ್ನು. ಮಧ್ಯೆ ಶೇ. 2ರಿಂದ 4 ಚೈನಿನ ತಿಕ್ಕಾಟಕ್ಕೆ ಹೋಗುತ್ತದೆ. ಪೆಡಲ್ 250 ಅಂದರೆ ಟ್ರೈನರ್ 243 ಅನ್ನುವುದು ಜಗಳವಲ್ಲ. ಟ್ರೈನರ್ ಹೆಚ್ಚು ತೋರಿಸುತ್ತಿದ್ದರೆ ಮಾತ್ರ ಎರಡರಲ್ಲೊಂದು ಸುಳ್ಳು ಹೇಳುತ್ತಿದೆ.

ಮೊಟ್ಟೆಯಾಕಾರದ ಚೈನ್‌ರಿಂಗ್ (ಕ್ರ್ಯಾಂಕ್ ಬಳಿಯ ಹಲ್ಲಿನ ಚಕ್ರ) ಹಾಕಿದವರು ಇನ್ನೊಂದು ನೋಡಬೇಕು. ಹಳೇ ಲೆಕ್ಕದಲ್ಲಿ ಒಂದು ಸುತ್ತಿನುದ್ದಕ್ಕೂ ಕ್ರ್ಯಾಂಕ್ ಒಂದೇ ವೇಗದಲ್ಲಿ ತಿರುಗುತ್ತದೆ ಅಂತ ಇಟ್ಟುಕೊಂಡಿರುತ್ತಾರೆ. ಈ ರಿಂಗ್‌ನಲ್ಲಿ ಜೋರಾಗಿ ತುಳಿಯುವ ಜಾಗದಲ್ಲೇ ಕ್ರ್ಯಾಂಕ್ ನಿಧಾನ, ಹಾಗಾಗಿ ವಾಟ್ ಉಬ್ಬುತ್ತದೆ. ಅಸ್ಸಿಯೋಮಾದಲ್ಲಿ ಜೈರೋಸ್ಕೋಪ್ ಇಟ್ಟು ಕ್ಷಣಕ್ಷಣದ ವೇಗ ಅಳೆಯುವುದು ಇದಕ್ಕಾಗಿಯೇ.

ತುಳಿಯುವ ರೀತಿ

ಹಳೇ ಕೋಚ್‌ಗಳ ಬಾಯಲ್ಲಿ 'ಗುಂಡಗೆ ತುಳಿ' ಅನ್ನುವ ಮಾತಿದೆ. ಸುತ್ತಿನುದ್ದಕ್ಕೂ ಒಂದೇ ಸಮ ಬಲ, ಕೆಳಗೆ ಒತ್ತು, ಹಿಂದಕ್ಕೆ ಎಳೆ, ಮೇಲಕ್ಕೆ ಎತ್ತು. ಕೇಳಲು ಚೆಂದ. ಅಳೆದು ನೋಡಿದವರು ಕಂಡದ್ದು ಬೇರೆ. 1991ರಲ್ಲಿ ಕಾಯ್ಲ್ ಮತ್ತು ಜೊತೆಗಾರರು ರಾಷ್ಟ್ರಮಟ್ಟದ ಸವಾರರನ್ನು ಅವರಿಗಿಂತ ಒಂದು ಮಟ್ಟ ಕೆಳಗಿನವರ ಜೊತೆ ಹೋಲಿಸಿದಾಗ, ಮೇಲಿನವರು ಕಾಲನ್ನು ಹೆಚ್ಚು ಎತ್ತುತ್ತಿರಲಿಲ್ಲ; ಕೆಳಗೆ ಹೆಚ್ಚು ಜೋರಾಗಿ ಒತ್ತುತ್ತಿದ್ದರು. 2007ರಲ್ಲಿ ಕಾರ್ಫ್ ತಂಡ ಎಂಟು ಸವಾರರಿಗೆ 200 ವಾಟ್, 90 ಸುತ್ತಿನಲ್ಲಿ ನಾಲ್ಕು ರೀತಿ ತುಳಿಸಿತು: ಅವರದೇ ರೂಢಿಯಂತೆ, ಗುಂಡಗೆ, ಎತ್ತುತ್ತಾ, ಒತ್ತುತ್ತಾ. ಎತ್ತುವಾಗ ಬಲ ಹಚ್ಚುವ ರೀತಿ ಅಂಕಿಯಲ್ಲಿ ಚೆಂದವಾಯಿತು, ದೇಹ ಸುಟ್ಟ ಶಕ್ತಿ ಮಾತ್ರ ಹೆಚ್ಚಾಯಿತು. ಅದೇ 200 ವಾಟ್‌ಗೆ ಹೆಚ್ಚು ಆಮ್ಲಜನಕ.

ಕಾರಣ ಮೈಕಟ್ಟಿನಲ್ಲೇ ಇದೆ. ಕೆಳಗೆ ಒತ್ತುವುದು ಕುಂಡೆ ಮತ್ತು ತೊಡೆಯ ದೊಡ್ಡ ಸ್ನಾಯುಗಳು, ದಿನವಿಡೀ ದುಡಿಯಬಲ್ಲವು. ಕಾಲನ್ನು ಎತ್ತುವ ಸೊಂಟದ ಮುಂಭಾಗದ ಸ್ನಾಯುಗಳು ಚಿಕ್ಕವು. 70 ಕೆ.ಜಿ. ತೂಗುವವರ ಒಂದೊಂದು ಕಾಲೂ ಸುಮಾರು 11 ಕೆ.ಜಿ. ಎರಡೂ ಕ್ರ್ಯಾಂಕ್ ಎದುರುಬದುರು ಜೋಡಿಸಿದ್ದರಿಂದ ಇಳಿಯುವ ಕಾಲಿನ ಭಾರವೇ ಏರುವ ಕಾಲನ್ನು ಎತ್ತಿಕೊಡುತ್ತದೆ. ಪುಕ್ಕಟೆ ಸಿಗುವ ಕೂಲಿಯನ್ನು ಬಿಟ್ಟು ಆ ಚಿಕ್ಕ ಸ್ನಾಯುಗಳಿಗೆ ದುಡ್ಡು ಕೊಟ್ಟು ಯಾಕೆ ಮಾಡಿಸಬೇಕು?

ಈಗ ತೆರೆಯ ಅಂಕಿಗಳಿಗೆ ಬರೋಣ. ಟಾರ್ಕ್ ಎಫೆಕ್ಟಿವ್‌ನೆಸ್ ಅಂದರೆ ಒಂದು ಕಾಲು ಮುಂದಕ್ಕೆ ಕೊಟ್ಟ ಶಕ್ತಿಯಲ್ಲಿ ಏರುವಾಗ ಹಿಂದಕ್ಕೆ ಕಿತ್ತುಕೊಂಡಿದ್ದನ್ನು ಕಳೆದು ಉಳಿದ ಪಾಲು. ಕೆಳಗಿಳಿಯುವಾಗ 112 ವಾಟ್ ಕೊಟ್ಟು ಮೇಲೇರುವಾಗ 12 ವಾಟ್ ಭಾರವಾದರೆ ನಿವ್ವಳ 100. 100ನ್ನು 112ರಿಂದ ಭಾಗಿಸಿದರೆ ಶೇ. 89. ಪೆಡಲ್ ಸ್ಮೂತ್‌ನೆಸ್ ಇನ್ನೂ ಸರಳ: ಸರಾಸರಿಯನ್ನು ಶಿಖರದಿಂದ ಭಾಗಿಸುವುದು. ಒಂದು ಕಾಲಿನ ಸರಾಸರಿ ಟಾರ್ಕ್ 11, ಶಿಖರ 45 ಆದರೆ ಶೇ. 24. ಸಾಮಾನ್ಯವಾಗಿ ಮೊದಲನೆಯದು 60ರಿಂದ 100, ಎರಡನೆಯದು 10ರಿಂದ 40ರ ನಡುವೆ ಇರುತ್ತದೆ. ನೂರಕ್ಕೆ 24 ಅಂದಾಕ್ಷಣ ಫೇಲ್ ಆದೆ ಅನ್ನಿಸುವುದು ಶಾಲೆಯ ಅಭ್ಯಾಸ. ಇದು ಪರೀಕ್ಷೆಯ ಅಂಕವಲ್ಲ.

ಎರಡೂ ಅಂಕಿ ವಾಟ್ ಜೊತೆಗೇ ಏರುತ್ತವೆ. 120 ವಾಟ್‌ನಲ್ಲಿ ಹರಟುತ್ತಾ ಹೋಗುವಾಗ ಎಫೆಕ್ಟಿವ್‌ನೆಸ್ ಶೇ. 70 ಇದ್ದದ್ದು 260ರಲ್ಲಿ ಶೇ. 90 ದಾಟಿದರೆ ನಿಮ್ಮ ತಂತ್ರ ಸುಧಾರಿಸಿತು ಅಂತಲ್ಲ. ಕಾಲಿನ ಭಾರ ಅಷ್ಟೇ ಇದೆ, ಒತ್ತುವ ಬಲ ಹೆಚ್ಚಾಯಿತು. ಹೋಲಿಸುವುದಿದ್ದರೆ ಒಂದೇ ವಾಟ್, ಒಂದೇ ಕೇಡೆನ್ಸ್‌ನ (ನಿಮಿಷಕ್ಕೆ ತುಳಿಯುವ ಸುತ್ತು) ತುಣುಕುಗಳನ್ನು ಪಕ್ಕಪಕ್ಕ ಇಡಿ. ವಿಜಯಪುರ, ಬಾಗಲಕೋಟೆ ಕಡೆಯ ಟ್ರ್ಯಾಕ್ ಹುಡುಗರ ಫಿಕ್ಸೆಡ್ ಗೇರ್ ಸೈಕಲ್‌ಗೆ ಈ ಪೆಡಲ್ ಹಾಕಿದರೆ ಕಥೆಯೇ ಬೇರೆ. ಅಲ್ಲಿ ಚಕ್ರವೇ ಕಾಲನ್ನು ತಿರುಗಿಸುತ್ತದೆ, ವೇಗ ತಗ್ಗಿಸಲು ಕಾಲಿನಿಂದ ತಡೆದಾಗೆಲ್ಲ ಋಣ ಲೆಕ್ಕ. ರೋಡ್ ಸೈಕಲ್‌ನ ಅಂಕಿ ಜೊತೆ ಅದನ್ನು ಇಡುವುದರಲ್ಲಿ ಅರ್ಥವಿಲ್ಲ.

ನಂಬಿಕೆ ಬರದಿದ್ದರೆ ಟ್ರೈನರ್ ಮೇಲೆ ಹೀಗೆ ಮಾಡಿ ನೋಡಿ. 15 ನಿಮಿಷ ವಾರ್ಮಪ್. ಆಮೇಲೆ 180 ವಾಟ್, 85 ಸುತ್ತಿನಲ್ಲಿ 10 ನಿಮಿಷ ನಿಮ್ಮ ರೂಢಿಯಂತೆ. 5 ನಿಮಿಷ ಹಗುರ. ಮತ್ತೆ ಅದೇ 180, ಅದೇ 85, ಈ ಸಲ ಕಾಲನ್ನು ಬೇಕೆಂದೇ ಎತ್ತುತ್ತಾ 10 ನಿಮಿಷ. ಎರಡರ ಕೊನೆಯ 3 ನಿಮಿಷದ ಹೃದಯ ಬಡಿತ ಹೋಲಿಸಿ. ಹೊತ್ತು ಕಳೆದಂತೆ ಬಡಿತ ತಾನೇ ಸ್ವಲ್ಪ ಏರುವುದರಿಂದ ಇನ್ನೊಂದು ದಿನ ಕ್ರಮ ಅದಲುಬದಲು ಮಾಡಿ. ಸ್ಮೂತ್‌ನೆಸ್ ಏರಿ ಬಡಿತವೂ ಏರಿದರೆ ಏನು ಮಾಡಬೇಕು ಅಂತ ನಾನು ಹೇಳಬೇಕಿಲ್ಲ.

ಹಾಗಾದರೆ ತಂತ್ರ ಅನ್ನುವುದೇ ಇಲ್ಲವಾ? ಇದೆ, ಆದರೆ ಸಣ್ಣದು. ಗಡಿಯಾರದ 12ರ ಹತ್ತಿರ ಮಂಡಿಯನ್ನು ಮುಂದಕ್ಕೆ ತಳ್ಳಿ ಬೇಗ ಶುರುಮಾಡುವುದು, 1ರಿಂದ 5ರವರೆಗೆ ಒತ್ತುವುದು. 5ರ ನಂತರ ಒತ್ತುವುದನ್ನು ಬಿಟ್ಟು, ಮನೆ ಬಾಗಿಲಲ್ಲಿ ಚಪ್ಪಲಿಯ ಕೆಸರನ್ನು ಕಾಲೊರಸಿಗೆ ಎಳೆದು ಒರೆಸುವ ಹಾಗೆ ಹಿಂದಕ್ಕೆ. 7ರಿಂದ 11ರವರೆಗೆ ಎತ್ತುವುದು ಬೇಡ, ಪೆಡಲ್ ಮೇಲೆ ಕಾಲು ಹೊರೆಯಾಗದಷ್ಟು ಹಗುರ ಇದ್ದರೆ ಸಾಕು. ಹಿಮ್ಮಡಿ ಎಷ್ಟು ತಗ್ಗಬೇಕು, ಎಷ್ಟು ಏಳಬೇಕು ಅನ್ನುವುದನ್ನು ಬಲವಂತದಿಂದ ಬದಲಿಸಬೇಡಿ. ಹಿಮ್ಮಡಿಯ ಮೇಲಿನ ನರ ನೋಯಲು ಶುರುವಾಗುತ್ತದೆ, ಲಾಭ ಕಾಣೆ.

ಇದಕ್ಕೆ ಎರಡು ಅಭ್ಯಾಸ ಸಾಕು. ಒಂಟಿಕಾಲಿನದು: ಟ್ರೈನರ್ ಮೇಲೆ ಹಗುರ ಗೇರ್, ಒಂದು ಕಾಲು ಬಿಚ್ಚಿ ಸ್ಟೂಲ್ ಮೇಲಿಟ್ಟು ಇನ್ನೊಂದರಲ್ಲಿ 60 ಸುತ್ತಿನ ಹಾಗೆ 30 ಸೆಕೆಂಡು. ಮೇಲಿನ ತುದಿಯಲ್ಲಿ ಚೈನ್ ಸಡಿಲಾಗಿ ಮತ್ತೆ ಬಿಗಿಯುವಾಗ 'ಟಕ್' ಅನ್ನುತ್ತದೆ. ಆ ಸದ್ದು ಸಣ್ಣಗಾಗುವುದೇ ಗುರಿ, ತೆರೆ ನೋಡಬೇಕಿಲ್ಲ. ಎರಡನೆಯದು ಏಣಿ: ಒಂದೇ ವಾಟ್ ಇಟ್ಟುಕೊಂಡು 80, 90, 100, 110 ಸುತ್ತಿನಲ್ಲಿ ಒಂದೊಂದು ನಿಮಿಷ. ಸೀಟಿನ ಮೇಲೆ ಕುಂಡೆ ಕುಣಿಯಲು ಶುರುವಾದ ಜಾಗ ನಿಮ್ಮ ಇವತ್ತಿನ ಮಿತಿ. ಕೆಳಗಿನ ತುದಿಯಲ್ಲಿ ಒತ್ತುವುದನ್ನು ಬಿಡಲು ಬಾರದವರು ಬೇಗ ಕುಣಿಯುತ್ತಾರೆ.

ಏರಿನಲ್ಲಿ ತಂತ್ರಕ್ಕಿಂತ ಗೇರೇ ದೊಡ್ಡ ಮಾತು. ನಂದಿ ಬೆಟ್ಟದ ತಿರುವುಗಳಲ್ಲಿ ಶೇ. 8ರ ಏರು ಅಂದುಕೊಳ್ಳಿ. ಸವಾರ 70 ಕೆ.ಜಿ., ಸೈಕಲ್ ಮತ್ತು ನೀರು 9 ಕೆ.ಜಿ., ವೇಗ ಗಂಟೆಗೆ 10 ಕಿ.ಮೀ. ಗುರುತ್ವಕ್ಕೆ 172 ವಾಟ್, ರಸ್ತೆಯ ತಿಕ್ಕಾಟ, ಗಾಳಿ ಸೇರಿ ಸುಮಾರು 185. ಮುಂದೆ 34, ಹಿಂದೆ 25 ಹಲ್ಲು ಇದ್ದರೆ ಈ ವೇಗಕ್ಕೆ ನಿಮಿಷಕ್ಕೆ 58 ಸುತ್ತು, ಸರಾಸರಿ ಟಾರ್ಕ್ 30 ದಾಟುತ್ತದೆ. ಹಿಂದೆ 34 ಹಾಕಿದರೆ 79 ಸುತ್ತು, ಟಾರ್ಕ್ 22. ವಾಟ್ ಅದೇ 185. ಮಂಡಿಗೆ ಬೀಳುವ ಒತ್ತು ಕಾಲುಭಾಗಕ್ಕಿಂತ ಹೆಚ್ಚು ಇಳಿಯಿತು. 'ವಾಟ್ ಜಾಸ್ತಿ ಏನಿರಲಿಲ್ಲ, ಆದ್ರೂ ಮಂಡಿ ಹಿಡ್ಕೊಂಡಿದೆ' ಅನ್ನುವವರ ಫೈಲ್ ತೆರೆದರೆ ಕೇಡೆನ್ಸ್ 52, 55 ಅಂತ ಬರೆದಿರುತ್ತದೆ.

ಲಕ್ಷಣ ಓದುವುದು

ಎಡ-ಬಲ ಲೆಕ್ಕ 48–52ರೊಳಗೆ ಇದ್ದರೆ ಮರೆತುಬಿಡಿ. ತಿಂಗಳುಗಟ್ಟಲೆ 46–54 ಇದ್ದು, ನೀರಿನ ಕ್ಯಾನಿನ ಪರೀಕ್ಷೆಯಲ್ಲಿ ಪೆಡಲ್ ಸರಿ ಇದ್ದು, ಜೊತೆಗೆ ನೋವೂ ಇದ್ದರೆ ಆಗ ಸೀಟಿನ ಎತ್ತರ, ಕ್ಲೀಟ್, ಕಾಲುಗಳ ಉದ್ದದ ವ್ಯತ್ಯಾಸ ನೋಡಿಸಿ. ಸೀಟು ಮಟ್ಟಿಗೆ ಒಳ್ಳೇ ಗುರುತು: ಪೆಡಲ್ ಕೆಳಗಿರುವಾಗ ಮಂಡಿ 25ರಿಂದ 35 ಡಿಗ್ರಿ ಮಡಚಿರಬೇಕು. ತೆರೆ ನೋಡುತ್ತಾ ಸೊರಗಿದ ಕಾಲಿಗೆ ಬಲ ತುಂಬಲು ಹೋಗಬೇಡಿ, ಸೊಂಟ ಓರೆಯಾಗಿ ಹೊಸ ನೋವು ಬರುತ್ತದೆ.

ಈ ಅಂಕಿಗಳಲ್ಲಿ ನನಗೆ ನಿಜಕ್ಕೂ ಉಪಯೋಗ ಅನ್ನಿಸುವುದು ಪ್ಲಾಟ್‌ಫಾರ್ಮ್ ಸೆಂಟರ್ ಆಫ್‌ಸೆಟ್. ಬಲ ಪೆಡಲ್‌ನ ನಡುವಿನಿಂದ ಎಷ್ಟು ಮಿ.ಮೀ. ಹೊರಕ್ಕೆ ಅಥವಾ ಒಳಕ್ಕೆ ಬೀಳುತ್ತಿದೆ ಅನ್ನುವುದು. ಹೊರಕ್ಕಿದ್ದರೆ ಧನ, ಒಳಕ್ಕಿದ್ದರೆ ಋಣ. ಬಲಗಾಲು 0, ಎಡಗಾಲು +7 ಅಂತ ವಾರಗಟ್ಟಲೆ ಬಂದರೆ ಎಡ ಕ್ಲೀಟ್ ಕಡೆ ಕಣ್ಣು ಹಾಯಿಸಿ. ಕ್ಲೀಟನ್ನು ಶೂನ ಹೊರ ಅಂಚಿನ ಕಡೆ ಸರಿಸಿದರೆ ಪಾದ ಕ್ರ್ಯಾಂಕ್ ಹತ್ತಿರಕ್ಕೆ ಬರುತ್ತದೆ, ಅಂಕಿ ಇಳಿಯುತ್ತದೆ. ಒಳ ಅಂಚಿನ ಕಡೆ ಸರಿಸಿದರೆ ಪಾದ ಹೊರಕ್ಕೆ, ಅಂಕಿ ಏರುತ್ತದೆ. ಒಂದು ಸಲಕ್ಕೆ 1–2 ಮಿ.ಮೀ. ಮಾತ್ರ, ಆಮೇಲೆ ಮೂರು ಸವಾರಿ. ಸರಿಸುವ ಮುಂಚೆ ಕ್ಲೀಟ್ ಸುತ್ತ ಪೆನ್ನಿನಲ್ಲಿ ಗೆರೆ ಎಳೆದಿಟ್ಟುಕೊಳ್ಳಿ, ಸರಿಹೋಗದಿದ್ದರೆ ವಾಪಸ್ ಬರಲು. ಸವೆದ ಕ್ಲೀಟ್ ಮೇಲೆ ಈ ಕೆಲಸ ಮಾಡಬೇಡಿ. ಪಾದವೇ ಅಲ್ಲಾಡುತ್ತಿರುವಾಗ ಅಂಕಿಗೆ ನೆಲೆಯೆಲ್ಲಿ.

ಉಳಿದ ತೊಂದರೆಗಳು ಬೇಗ ಹೇಳಿ ಮುಗಿಯುವಂಥವು. ವಾಟ್ ಇದ್ದಕ್ಕಿದ್ದಂತೆ ಅರ್ಧವಾದರೆ ಒಂದು ಬದಿಯ ಬ್ಯಾಟರಿ ಸತ್ತಿದೆ ಅಥವಾ ಸಂಪರ್ಕ ತಪ್ಪಿದೆ. ಬಟನ್ ಸೆಲ್ ಹಾಕುವ ಪೆಡಲ್‌ಗಳಲ್ಲಿ ಮುಚ್ಚಳ ಬಿಗಿಯಾಗಿ, ಸಂಪರ್ಕದ ತಗಡು ಒಣಗಿ ಚೊಕ್ಕಟವಾಗಿ ಇರಬೇಕು. ಸೆಲ್ ಹಾಕುವಾಗ ಬೆರಳಿನ ಬೆವರು ತಾಗದಂತೆ ಬಟ್ಟೆಯಲ್ಲಿ ಹಿಡಿಯಿರಿ. ಹೆಡ್ ಯೂನಿಟ್‌ಗೆ ಪೆಡಲ್ ಸಿಗುತ್ತಲೇ ಇಲ್ಲ ಅಂದರೆ ಜೇಬಿನ ಫೋನಿನ ಆ್ಯಪ್ ಬ್ಲೂಟೂತ್ ಹಿಡಿದುಕೊಂಡಿರಬಹುದು. ಆ್ಯಪ್ ಮುಚ್ಚಿ, ಹೆಡ್ ಯೂನಿಟ್‌ಗೆ ಆಂಟ್ ಪ್ಲಸ್ ಅನ್ನುವ ಇನ್ನೊಂದು ವೈರ್‌ಲೆಸ್ ಸಂಪರ್ಕದಲ್ಲಿ ಜೋಡಿಸಿ. ರೆಕಾರ್ಡಿಂಗ್ ಸೆಕೆಂಡಿಗೊಂದು ಇರಲಿ. ಪವರ್ ಸರಾಸರಿಯಲ್ಲಿ ಸೊನ್ನೆಗಳು ಸೇರಬೇಕು, ಕೇಡೆನ್ಸ್ ಸರಾಸರಿಯಲ್ಲಿ ಸೇರಬಾರದು.

ಮಳೆಗಾಲದಲ್ಲಿ ಪೆಡಲ್ ಸುತ್ತ ಕೆಮ್ಮಣ್ಣು ಮೆತ್ತಿಕೊಂಡಾಗ ಸರ್ವಿಸ್ ಸ್ಟೇಷನ್ನಿನ ಪ್ರೆಷರ್ ಪೈಪ್ ಹಿಡಿಯಬೇಡಿ. ನೀರು ಸೀಲ್ ದಾಟಿ ಬೇರಿಂಗ್‌ಗೆ ಹೋಗುತ್ತದೆ. ಬಕೆಟ್ ನೀರು, ಸ್ಪಂಜು, ಆಮೇಲೆ ಒಣಬಟ್ಟೆ. ತಿಂಗಳಿಗೊಮ್ಮೆ ಪೆಡಲ್ ಮೈ ಹಿಡಿದು ಸ್ಪಿಂಡಲ್ ಉದ್ದಕ್ಕೆ ಎಳೆದು ದೂಡಿ ನೋಡಿ, ಮೇಲೆ ಕೆಳಗೆ ಅಲ್ಲಾಡಿಸಿ. ಕಟಕಟ ಅಂದರೆ ಬೇರಿಂಗ್ ಅಥವಾ ತುದಿಯ ನಟ್ ಸಡಿಲ. ಬೆರಳಿನಿಂದ ತಿರುಗಿಸಿದಾಗ ಮರಳು ಅರೆದಂತೆ ಕೈಗೆ ತಾಗಿದರೆ ಗ್ರೀಸ್ ಒಣಗಿದೆ. ಬಿಚ್ಚಿ ಹೊಸ ಬೇರಿಂಗ್ ಹಾಕಿದ ದಿನ ಕ್ಯಾನಿನ ಪರೀಕ್ಷೆ ಮತ್ತೊಮ್ಮೆ ಮಾಡಿ, ಅಂಕಿಯನ್ನು ದಿನಾಂಕದ ಜೊತೆ ಬರೆದಿಡಿ. ಮುಂದಿನ ಸಲ ಹೋಲಿಸಲು ಬೇಕಾಗುತ್ತದೆ.